ಪಿನ್ನು ತೆಗೆದ ಕೋಟು

ಮೇ 6

ಮಗಳೇ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಕಿರುಚಾಡುತ್ತೇವೆ, ಕಾಗದದ ಮೇಲೆ ಕಿರುಚಲು ಆಗುವುದಿಲ್ಲ ಎಂದು ನಿನ್ನ ಅಮ್ಮ ಈ ಹಾಳೆ ತಂದುಕೊಟ್ಟಿದ್ದಾಳೆ. ಅಕ್ಷರ ಸೊಟ್ಟಗಿದ್ದರೆ ಸಿಟ್ಟೇ ಕಾರಣ.

ಬೆಳಿಗ್ಗೆ ಅಂಗಡಿ ತೆರೆದು ಯಾರದೋ ಪ್ಯಾಂಟಿನ ಮಂಡಿಗೆ ರಫೂ ಮಾಡುತ್ತಾ ಕೂತಿದ್ದೆ. ಎದುರಿನ ಇಸ್ತ್ರಿಯವನು ಓಡಿ ಬಂದು ಫೋನನ್ನು ಮೂಗಿಗೆ ಹಿಡಿದ.

"ಅಣ್ಣಾ, ಇದು ನಿಮ್ಮ ಹುಡುಗಿ ಅಲ್ವಾ?"

ಅಲ್ಲ ಎಂದೆ.

"ಸರಿಯಾಗಿ ನೋಡಿ ಅಣ್ಣಾ. ಮೂಗು ನಿಮ್ದೇ."

ನೋಡಿದೆ. ತಲೆಯ ಒಂದು ಪಕ್ಕ ಬೋಳು, ಇನ್ನೊಂದು ಪಕ್ಕ ಮುಳ್ಳುಹಂದಿ. ಕಣ್ಣಿನ ಸುತ್ತ ಒಲೆಯ ಮಸಿ ಬಳಿದಂತೆ ಕಪ್ಪು. ಕಿವಿಯಲ್ಲಿ ಓಲೆ ಇರಬೇಕಾದ ಕಡೆ ಪಿನ್ನು. ಡ್ರಮ್ಮಿನ ಹಿಂದೆ ಕೂತು ಬಾಯಿ ಅಷ್ಟಗಲ ತೆರೆದಿದ್ದೀಯ. ಹಾಡೋ ಹಲ್ಲುನೋವೋ ತಿಳಿಯಲಿಲ್ಲ. ಆಗಲೂ ನಾನು ಅಲ್ಲ ಎಂದೇ ಸಾಧಿಸುತ್ತಿದ್ದೆ. ಆಮೇಲೆ ಕೋಟು ಕಂಡಿತು.

ನನ್ನ ಮದುವೆಯ ಕೋಟು. ಜೀವಮಾನದಲ್ಲಿ ನನಗೆಂದು ನಾನು ಹೊಲಿಸಿಕೊಂಡ ಒಂದೇ ಒಂದು ಕೋಟು. ನೀನು ಕೆಲಸಕ್ಕೆಂದು ಪಟ್ಟಣಕ್ಕೆ ಹೊರಟಾಗ ಅದನ್ನು ನಿನ್ನ ಪೆಟ್ಟಿಗೆಗೆ ಚಳಿಗೆಂದು ಅಮ್ಮ ಹಾಕಿದಳು ಎಂದುಕೊಂಡಿದ್ದೆ. ಅವಳನ್ನು ಕೇಳಿದರೆ, "ನಾನ್ಯಾಕೆ ಹಾಕಲಿ, ನೀವೇ ಕೊಟ್ರಿ ಅಂದ್ಕೊಂಡೆ" ಅನ್ನುತ್ತಾಳೆ. ಅಂದರೆ ಕೇಳದೆ ಒಯ್ದೆ. ಹೋಗಲಿ. ಒಯ್ದದ್ದನ್ನು ಎಡಭುಜದಿಂದ ಜೇಬಿನವರೆಗೆ ಹರಿದು, ಆ ಹರುಕಿನ ಉದ್ದಕ್ಕೂ ಪಿನ್ನು ಚುಚ್ಚಿಕೊಂಡು ಲೋಕಕ್ಕೆಲ್ಲ ತೋರಿಸುತ್ತಿದ್ದೀಯಲ್ಲ!

ನಾನು ಏನು ಕೆಲಸ ಮಾಡುತ್ತೇನೆ ಮಗಳೇ? ಹರಿದದ್ದನ್ನು ಹರಿದೇ ಇರಲಿಲ್ಲ ಎನ್ನುವ ಹಾಗೆ ಮಾಡಿಕೊಡುತ್ತೇನೆ. ಎಲ್ಲಿ ಹರಿದಿತ್ತು ಎಂದು ಗಿರಾಕಿ ಹುಡುಕುವಾಗ ನನ್ನ ಹೊಟ್ಟೆ ತುಂಬುತ್ತದೆ. ದೀಪದ ಬುಡದಲ್ಲೇ ಕತ್ತಲೆ ಎಂದು ಇಸ್ತ್ರಿಯವನು ಬಾಯಿಬಿಟ್ಟು ಹೇಳಲಿಲ್ಲ. ಮುಖದಲ್ಲಿ ಬರೆದಿತ್ತು.

ಯಾರು ಹರಿದರು ಅದನ್ನು?

ಮಾತು ಹೊರಡದ,
ನಿನ್ನ ಅಪ್ಪ


ಮೇ 27

ಅಪ್ಪಾ,

ಹಲ್ಲುನೋವಲ್ಲ, ಹಾಡು. ಅದಕ್ಕೆ ಪಂಕ್ ಅನ್ನುತ್ತಾರೆ. ಪಂಕ ಅಂದರೆ ಕೆಸರು ಎಂದು ನೀನು ಹೇಳುತ್ತೀಯ, ಗೊತ್ತು. ಇಲ್ಲಿಯೂ ಸುಮಾರು ಜನ ಹಾಗೇ ನೋಡುತ್ತಾರೆ.

ಹಗಲೆಲ್ಲ ಅಚ್ಚುಮನೆಯಲ್ಲಿ ಕಾಗದ ಕತ್ತರಿಸುತ್ತೇನೆ. ಅಲ್ಲಿ ನಾನು ತಲೆ ಎತ್ತಿ ಮಾತಾಡುವುದಿಲ್ಲ. ಮನೆಯಲ್ಲೂ ಹಾಗೇ ಇದ್ದೆನಲ್ಲ, ನೆಂಟರು ಬಂದರೆ ಬಾಗಿಲ ಹಿಂದೆ. ಸಂಜೆ ಟೈರಿನ ಅಂಗಡಿಯ ಕೆಳಗಿನ ನೆಲಮಾಳಿಗೆಗೆ ಹೋಗುತ್ತೇವೆ. ಅಲ್ಲಿ ರಬ್ಬರಿನ ವಾಸನೆ, ಒಂದು ಬಲ್ಬು, ನಮ್ಮ ಸದ್ದು. ಹಾಡುವವಳು ಗುಬ್ಬಿ. ಹೆಸರಿಗೆ ತಕ್ಕ ಹಾಗೆ ಇಷ್ಟೇ ಇದ್ದಾಳೆ. ಬಾಯಿ ತೆರೆದರೆ ಮೇಲಿನ ಟೈರುಗಳು ಅದುರುತ್ತವೆ. ಗಿಟಾರಿನವನಿಗೆ ಗೂಟ ಎಂದು ಹೆಸರು. ನೆಟ್ಟಲ್ಲೇ ನಿಂತಿರುತ್ತಾನೆ.

ಮೊದಲ ದಿನ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಗುಬ್ಬಿ ಸುತ್ತ ಒಂದು ಸುತ್ತು ಬಂದು, "ಏನಮ್ಮಾ, ಬ್ಯಾಂಕಲ್ಲಿ ಖಾತೆ ತೆಗೀಬೇಕಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಪ್ಪಾ. ಅಷ್ಟು ಜನರ ಎದುರು ನಾನು ನಕ್ಕಿದ್ದು ಅದೇ ಮೊದಲು. ಮಾರನೆಯ ದಿನ ನಿನ್ನ ಕೋಟು ಹಾಕಿದೆ.

ಪಿನ್ನಿನ ವಿಷಯ ಹೇಳುತ್ತೇನೆ, ನಿನಗೆ ಎದೆಗೆ ಚುಚ್ಚಿದಂತಾಗುತ್ತದೆ ಎಂದು ಗೊತ್ತಿದ್ದರೂ. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಬಟ್ಟೆ ಹರಿದರೆ ಹೊಲಿಯಬಾರದು. ಹರಿದಾಗ ಪಕ್ಕದಲ್ಲಿ ಯಾರಿದ್ದರೋ ಅವರು ತಮ್ಮ ಬಟ್ಟೆಯ ಪಿನ್ನು ಬಿಚ್ಚಿ ನಮಗೆ ಹಾಕಬೇಕು. ಅಂಗಡಿಯಿಂದ ಕೊಂಡ ಪಿನ್ನು ಹಾಕುವಂತಿಲ್ಲ. ಪಿನ್ನು ತೆಗೆದವರು ಗುಂಪು ಬಿಟ್ಟ ಹಾಗೆ. ಇಷ್ಟೇ.

ಕೇಳದೆ ಕೋಟು ತಂದದ್ದು ತಪ್ಪು. ಹರಿದದ್ದು ತಪ್ಪಲ್ಲ. ಯಾರು ಹರಿದರು ಎಂದು ಈಗ ಕೇಳಬೇಡ. ಹೇಳಿದರೆ ನೀನು ಕೆಲಸ ಬಿಟ್ಟು ಬಸ್ಸು ಹತ್ತುತ್ತೀಯ.

ಮೂಗು ನಿನ್ನದೇ ಇರುವ,
ಮಗಳು


ಜೂನ್ 18

ಮಗಳೇ,

ಸೂಜಿ ದಾರ ನಿಷೇಧ ಮಾಡಿದ ಗುಂಪಿಗೆ ರಫೂ ಮಾಡುವವನ ಮಗಳು ಹೋಗಿ ಸೇರಿದ್ದಾಳೆ! ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ನಗುತ್ತಾ ಪಾತ್ರೆಗಳ ನಡುವೆ ಕೂತುಬಿಟ್ಟಳು. "ನಿಮ್ಮ ಹೊಟ್ಟೆಗೇ ಕಲ್ಲು ಹಾಕ್ತಿದಾಳಲ್ರೀ!" ಅಂದಳು. ನನಗೆ ನಗು ಬರಲಿಲ್ಲ. ಸ್ವಲ್ಪ ಬಂತು.

ನಿನ್ನ ಫೋಟೋ ನಮ್ಮ ಬೀದಿಯಲ್ಲಿ ಮನೆ ಮನೆ ಸುತ್ತಿದೆ. ಮೂಲೆಮನೆಯ ಟೀಚರಮ್ಮನ ಮಗಳು ನಿನ್ನೆ ತಲೆಯ ಒಂದು ಪಕ್ಕ ಬೋಳಿಸಿಕೊಂಡು ಬಂದಿದ್ದಾಳೆ. ಟೀಚರಮ್ಮ ನೇರ ನನ್ನ ಅಂಗಡಿಗೇ ಬಂದರು. "ನೋಡಿ, ನಿಮ್ಮ ಮಗಳು ಮಾಡಿದ್ದು!" ಎಂದರು. ನಾನು, "ಕತ್ತರಿ ಹಿಡಿದದ್ದು ನನ್ನ ಮಗಳಲ್ಲ ಅಮ್ಮಾ" ಎಂದೆ. ಹೇಳಿದ ಮೇಲೆ ನನಗೇ ಬೆಚ್ಚಿಬಿದ್ದಂತಾಯಿತು. ನಿನ್ನ ಪರ ವಹಿಸಿಕೊಂಡು ಮಾತಾಡಿಬಿಟ್ಟಿದ್ದೆ.

ಆ ಗುಬ್ಬಿ ಎನ್ನುವ ಹುಡುಗಿಗೆ ಊಟ ತಿಂಡಿ ಸರಿಯಾಗಿ ಮಾಡಲು ಹೇಳು ಎಂದು ಅಮ್ಮ ಹೇಳುತ್ತಿದ್ದಾಳೆ. ಇಷ್ಟೇ ಇದ್ದಾಳೆ ಎಂದು ಬರೆದಿದ್ದೀಯಲ್ಲ.

ಹರಿದದ್ದು ಯಾರು?

ಇನ್ನೂ ಕೇಳುತ್ತಲೇ ಇರುವ,
ಅಪ್ಪ


ಜುಲೈ 30

ಅಪ್ಪಾ,

ನಿನ್ನೆ ನಡೆದದ್ದನ್ನು ನಿನಗೆ ಹೇಳದೆ ಇರಲಾರೆ. ಲೋಕದಲ್ಲಿ ನಿನ್ನಷ್ಟು ದಿಗಿಲು ಬೀಳುವವರು ಬೇರೆ ಯಾರೂ ಇಲ್ಲ.

ನಾನೂ ಗುಬ್ಬಿಯೂ ದೊಡ್ಡ ಬಟ್ಟೆ ಅಂಗಡಿಯ ಮುಂದೆ ನಡೆದು ಬರುತ್ತಿದ್ದೆವು. ಗಾಜಿನ ಒಳಗೆ ಗೊಂಬೆ ನಿಲ್ಲಿಸಿದ್ದಾರೆ. ಗೊಂಬೆಯ ಮೈಮೇಲೆ ನನ್ನ ಕೋಟು! ಅದೇ ಕಪ್ಪು, ಎಡಭುಜದಿಂದ ಜೇಬಿನವರೆಗೆ ಅದೇ ಹರುಕು, ಸಾಲಾಗಿ ಹೊಳೆಯುವ ಪಿನ್ನುಗಳು. ನಾನು ಕಲ್ಲಾಗಿ ನಿಂತೆ. ಆ ಫೋಟೋ ನೋಡಿಯೇ ಮಾಡಿದ್ದಾರೆ.

ಗುಬ್ಬಿ ಒಳಗೆ ನುಗ್ಗಿದಳು. ನಾನು ಬೇಡ ಬೇಡ ಎನ್ನುತ್ತಾ ಹಿಂದೆ ಹೋದೆ. ಅವಳು ಗೊಂಬೆಯ ಕೋಟಿಗೆ ಮೂಗು ಹಚ್ಚಿ ನೋಡಿ, "ಅಯ್ಯೋ, ಬಾರೇ ಇಲ್ಲಿ!" ಅಂದಳು. ಪಿನ್ನುಗಳು ತೆಗೆಯಲು ಬರುವುದಿಲ್ಲ, ಅಂಟಿಸಿದ್ದಾರೆ. ಹರುಕು ಇನ್ನೂ ಹರಿಯಬಾರದೆಂದು ಅಂಚಿಗೆಲ್ಲ ಮಿಷಿನ್ ಹೊಲಿಗೆ ಹಾಕಿದ್ದಾರೆ. ಹರುಕನ್ನು ಹೊಲಿದಿದ್ದಾರೆ ಅಪ್ಪಾ!

ಮಾರುವ ಹುಡುಗ ಬಂದು, "ಹೊಸ ಸ್ಟೈಲು ಮೇಡಂ, ಒಂದೇ ಒಂದು ಉಳಿದಿದೆ" ಅಂದ. ಗುಬ್ಬಿ ನನ್ನನ್ನು ಮುಂದೆ ತಳ್ಳಿ, "ಹಳೇದು ಇಲ್ಲಿದೆ, ತಗೋತೀರಾ?" ಅಂದಳು. ಅವನು ನನ್ನ ಕೋಟನ್ನು ನೋಡಿದ, ಗೊಂಬೆಯನ್ನು ನೋಡಿದ. "ಇದು ಸ್ವಲ್ಪ ಜಾಸ್ತಿ ಹರಿದಿದೆ" ಅಂದ. ಗುಬ್ಬಿ ನಗು ತಡೆಯಲಾರದೆ ಬೀದಿಯಲ್ಲೇ ಕೂತಳು.

ಅಮ್ಮ ಹೇಳಿದ್ದನ್ನು ಅವಳಿಗೆ ಹೇಳಿದೆ. ಕರೆದರೆ ಊಟಕ್ಕೆ ಬರುತ್ತಾಳಂತೆ. ವರ್ಷದ ಕೊನೆಗೆ ಇಬ್ಬರೂ ಬರುತ್ತೇವೆ. ಯಾರು ಹರಿದದ್ದು ಎಂದು ಆಗ ನಿನ್ನ ಎದುರಿಗೇ ಕೂತು ಹೇಳುತ್ತೇವೆ. ಬೈಯುವುದಾದರೆ ಇಬ್ಬರಿಗೂ ಸಮನಾಗಿ ಬೈ.

ನಗುತ್ತಲೇ ಬರೆದ,
ಮಗಳು


ಸೆಪ್ಟೆಂಬರ್ 20

ಅಪ್ಪಾ,

ಕೋಟು ಕಳಿಸುತ್ತಿದ್ದೇನೆ. ನಿನ್ನ ಹತ್ತಿರ ಇರಲಿ. ನನ್ನ ಕೋಣೆಯಲ್ಲಿ ಇದನ್ನು ಇಟ್ಟುಕೊಳ್ಳಲು ಆಗುತ್ತಿಲ್ಲ.

ಮಗಳು


ಅಕ್ಟೋಬರ್ 8

ನನ್ನ ಚಿನ್ನದಂಥ ಮಗಳೇ,

ನಿನ್ನ ಪೊಟ್ಟಣ ಬಿಚ್ಚಿ ಕೋಟನ್ನು ಮೇಜಿನ ಮೇಲೆ ಹರಡಿದೆ. ಒಂದೂ ಪಿನ್ನಿಲ್ಲ! ಪಿನ್ನು ತೆಗೆದವರು ಗುಂಪು ಬಿಟ್ಟ ಹಾಗೆ ಎಂದು ನೀನೇ ಬರೆದಿದ್ದೆ. ಒಂದು ಸಾಲಿನಲ್ಲಿ ಪತ್ರ ಮುಗಿಸಿದ್ದೀಯ, ನಾಚಿಕೆಯ ಹುಡುಗಿ. ಸೋತೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಪಿನ್ನು ತೆಗೆದು ರಫೂ ಮಾಡುವ ಅಪ್ಪನಿಗೆ ಕೋಟು ಕಳಿಸಿದರೆ ಅದಕ್ಕೆ ಅರ್ಥ ಒಂದೇ.

"ಒಂದ್ಸಲ ಅವಳನ್ನ ಕೇಳಿ ಕೈ ಹಚ್ರೀ" ಎಂದಳು ಅಮ್ಮ. ಮಗಳ ಮನಸ್ಸು ನನಗೆ ಗೊತ್ತಿಲ್ಲವೇ ಎಂದು ಗದರಿದೆ.

ಬೇರೆ ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕೆ ಇಟ್ಟು ಕೂತೆ. ಅಂಚಿನ ಸತ್ತ ಎಳೆಗಳನ್ನು ಕತ್ತರಿಸಿ ಹಸನು ಮಾಡಿಕೊಂಡೆ. ಹೊಸ ದಾರ ಹಾಕಿದರೆ ಬಣ್ಣ ಹೊಂದುವುದಿಲ್ಲ ಎಂದು ಕೋಟಿನ ಒಳಮಡಿಕೆಯಿಂದಲೇ ಉಣ್ಣೆಯ ಎಳೆ ಎಳೆದು ತೆಗೆದೆ. ಒಂದೊಂದೇ ಎಳೆಯನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸಿ ನೇಯ್ದೆ. ಒಳಮೈಗೆ ಅಸ್ತರು ಬಟ್ಟೆ ಹೊಸದು ಹಾಕಿದೆ. ಇಸ್ತ್ರಿಯವನು ತಾನೇ ಬಂದು ಇಸ್ತ್ರಿ ಪೆಟ್ಟಿಗೆ ಹಾಯಿಸಿದ. ಎಲ್ಲಿ ಹರಿದಿತ್ತು ತೋರಿಸು ಎಂದೆ. ಬೆಳಕಿಗೆ ಹಿಡಿದ, ತಿರುಗಿಸಿದ, ಕೊನೆಗೆ, "ಅಣ್ಣಾ, ಬೇರೆ ಕೋಟು ತಂದು ಆಟ ಆಡಿಸ್ತಿದೀರಾ?" ಎಂದ.

ನನ್ನ ಆಯುಸ್ಸಿನಲ್ಲಿ ಇಷ್ಟು ಒಳ್ಳೆಯ ಕೆಲಸ ಮಾಡಿಲ್ಲ. ಇದರ ಜೊತೆಗೇ ಕಳಿಸುತ್ತಿದ್ದೇನೆ. ಈಗ ಇದು ನಿನ್ನದೇ ಕೋಟು. ಹಾಕಿಕೋ.

ಎದೆಯುಬ್ಬಿದ,
ನಿನ್ನ ಅಪ್ಪ


ಅಕ್ಟೋಬರ್ 14

ಅಪ್ಪಾ,

ಎಲ್ಲಿ ಅದು? ಏನು ಮಾಡಿಬಿಟ್ಟೆ?

ಕಿಟಕಿಗೆ ಹಿಡಿದು ನೋಡಿದೆ. ಬೆರಳಲ್ಲಿ ಹುಡುಕಿದೆ. ಎಲ್ಲಿಯೂ ಇಲ್ಲ. ಇದು ಯಾರ ಕೋಟೋ. ಯಾರಿಗೂ ಏನೂ ಆಗದೇ ಇದ್ದ ಕೋಟು.

ಯಾರು ಹರಿದರು ಎಂದು ಕೇಳುತ್ತಿದ್ದೆಯಲ್ಲ. ಗುಬ್ಬಿ. ನಮ್ಮ ಮೊದಲ ಕಾರ್ಯಕ್ರಮದಲ್ಲಿ ನನ್ನ ಡ್ರಮ್ಮುಗಳನ್ನು ಎತ್ತರದ ಹಲಗೆಯ ಮೇಲೆ ಇಟ್ಟಿದ್ದರು. ಹಿಂದೆ ಗೋಡೆ ಇರಲಿಲ್ಲ, ಕೆಳಗೆ ಸಿಮೆಂಟಿನ ಮೆಟ್ಟಿಲು. ಹಾಡಿನ ನಡುವೆ ನನ್ನ ಕುರ್ಚಿ ಹಿಂದಕ್ಕೆ ಜಾರಿತು. ಗುಬ್ಬಿ ಮೈಕು ಬಿಸಾಕಿ ಹಾರಿ ಬಂದು ಕೋಟನ್ನು ಎದೆಯ ಹತ್ತಿರ ಹಿಡಿದಳು. ಬಟ್ಟೆ ಭುಜದಿಂದ ಜೇಬಿನವರೆಗೆ ಹರಿಯಿತು, ಅವಳು ಕೈ ಬಿಡಲಿಲ್ಲ. ಕೋಟು ಹರಿಯಿತು, ನನ್ನ ತಲೆ ಉಳಿಯಿತು. ಆಮೇಲೆ ಅಲ್ಲೇ ಕೂತು, ತನ್ನ ತೋಳಿನ ಪಿನ್ನುಗಳನ್ನೆಲ್ಲ ಬಿಚ್ಚಿ ನನಗೆ ಹಾಕಿದಳು. "ಇಷ್ಟು ತೂಕ ಇದ್ದೀಯ ಅಂತ ಗೊತ್ತಿದ್ರೆ ಬಿಟ್ಟುಬಿಡ್ತಿದ್ದೆ ಕಣೇ" ಅಂದಳು.

ಸೆಪ್ಟೆಂಬರಿನಲ್ಲಿ ಸೈಕಲಿನಲ್ಲಿ ಮನೆಗೆ ಹೋಗುವಾಗ ಅವಳಿಗೆ ಲಾರಿ ಬಡಿಯಿತು. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಇರಲಿಲ್ಲ ಅಪ್ಪಾ. ನಿನಗೆ ಬರೆಯಲು ಕೂತಾಗಲೆಲ್ಲ ಪೆನ್ನು ಮುಂದೆ ಹೋಗಲಿಲ್ಲ. ಬರೆದರೆ ನಿಜ ಆಗಿಬಿಡುತ್ತದೆ ಅನ್ನಿಸುತ್ತಿತ್ತು.

ಪಿನ್ನುಗಳು ಅವಳವು. ಅವಳ ತೋಳಿಗೇ ಚುಚ್ಚಿ ಅವಳ ಜೊತೆಗೇ ಕಳಿಸಿದೆ. ನನಗೆಂದು ಉಳಿಸಿಕೊಂಡಿದ್ದು ಆ ಹರುಕು ಒಂದೇ.

ಬಿಚ್ಚಲು ಆಗುತ್ತದೆಯೇ? ಮತ್ತೆ ಮೊದಲಿನ ಹಾಗೆ ಮಾಡಲು ಆಗುತ್ತದೆಯೇ? ಬೇಗ ಬರೆ.

ಮಗಳು


ಅಕ್ಟೋಬರ್ 18

ಮಗಳೇ,

ಪತ್ರವನ್ನು ಅಂಗಡಿಯಲ್ಲೇ ಒಡೆದೆ. ಅರ್ಧಕ್ಕೇ ಎದ್ದುಬಿಟ್ಟೆ. ಎಲ್ಲಿಗೆ ಹೊರಟೆನೋ ನನಗೇ ಗೊತ್ತಿಲ್ಲ. ಎದ್ದ ರಭಸಕ್ಕೆ ಬಾಗಿಲ ಮೊಳೆಗೆ ಅಂಗಿಯ ತೋಳು ಸಿಕ್ಕಿ ಪರ್ರೆಂದು ಹರಿಯಿತು. ಇಸ್ತ್ರಿಯವನು, "ಏನಾಯ್ತಣ್ಣಾ?" ಎಂದ. "ಆ ಹುಡುಗಿ ಹೋಗಿಬಿಟ್ಟಳು, ಅವಳ ಗುರುತನ್ನ ನಾನು ಅಳಿಸಿಬಿಟ್ಟೆ ಕಣಯ್ಯಾ" ಎಂದೆ. ಅವನು ಹಾಗೇ ನಿಂತ. ಪೆಟ್ಟಿಗೆಯ ಕೆಳಗೆ ಯಾರದೋ ಅಂಗಿ ಹೊಗೆಯಾಡುತ್ತಿತ್ತು. ಇಬ್ಬರಿಗೂ ವಾಸನೆ ಬರಲಿಲ್ಲ.

ಅಮ್ಮ ಇವತ್ತು ಒಲೆ ಹಚ್ಚಿಲ್ಲ. ವರ್ಷದ ಕೊನೆಗೆ ಬರುವವಳಿಗೆ ಎಂದು ಹೊಸ ತಟ್ಟೆ ತಂದಿಟ್ಟಿದ್ದಳು. ಅದನ್ನು ಒರೆಸಿ, ಮತ್ತೆ ಒರೆಸಿ, ಒಳಗಿಡುತ್ತಿದ್ದಾಳೆ. "ಕೇಳಿ ಕೈ ಹಚ್ಚಿ ಅಂದೆ" ಎಂದು ಒಂದು ಮಾತು ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಆಡಲಿಲ್ಲ.

ಬಿಚ್ಚಲು ಆಗುತ್ತದೆಯೇ ಎಂದು ಕೇಳಿದ್ದೀಯ. ನಿನಗೆ ಸುಳ್ಳು ಹೇಳಲಾರೆ. ಅಂಚಿನ ಎಳೆಗಳನ್ನು ಕತ್ತರಿಸಿಬಿಟ್ಟಿದ್ದೇನೆ. ಈಗ ಬಿಚ್ಚಿದರೆ ಸಿಗುವುದು ನಾನು ಮಾಡಿದ ತೂತು. ಅವಳು ಹರಿದದ್ದು ಸಿಗುವುದಿಲ್ಲ.

ಆದರೆ ಒಂದು ಮಾತು ಕೇಳು. ನಮ್ಮ ಕೆಲಸದವರು ಇದನ್ನು ಗಿರಾಕಿಗಳ ಹತ್ತಿರ ಹೇಳುವುದಿಲ್ಲ. ಯಾವ ರಫೂವೂ ಎರಡು ಕಡೆಯೂ ಮರೆಯಾಗುವುದಿಲ್ಲ. ಎಳೆಗಳ ತುದಿಯನ್ನು ಒಳಮೈಯಲ್ಲಿ ಉದ್ದ ಬಿಡಲೇಬೇಕು, ಬುಡಕ್ಕೆ ಕತ್ತರಿಸಿದರೆ ಜಾರಿ ಬಿಚ್ಚಿಕೊಳ್ಳುತ್ತದೆ. ಅದು ಕಾಣದಿರಲಿ ಎಂದೇ ಮೇಲೆ ಅಸ್ತರು ಹಾಕುವುದು. ಕತ್ತರಿ ತಗೊಂಡು ನಾನು ಹಾಕಿದ ಅಸ್ತರನ್ನು ಬಿಚ್ಚು. ಎಡಗಡೆಯ ಒಳಮೈ ನೋಡು. ಅವಳ ಕೈ ಎಲ್ಲೆಲ್ಲಿ ಎಳೆದಿತ್ತೋ ನನ್ನ ಸೂಜಿಯೂ ಅಲ್ಲಲ್ಲೇ ಹೋಗಿದೆ.

ಅಷ್ಟು ಮಾತ್ರ ಉಳಿದಿದೆ. ಅದೂ ಸಾಲದಿದ್ದರೆ ನನ್ನ ಹತ್ತಿರ ಬೇರೆ ಏನೂ ಇಲ್ಲ.

ನಿನ್ನ ತಲೆ ಉಳಿಸಿಕೊಟ್ಟವಳಿಗೆ ಒಂದು ತುತ್ತು ಬಡಿಸಲಾಗದ,
ಅಪ್ಪ


ನವೆಂಬರ್ 25

ಅಪ್ಪಾ,

ನಿನ್ನ ಪತ್ರ ಬಂದ ಮೇಲೂ ತುಂಬಾ ದಿನ ಕೋಟನ್ನು ಮುಟ್ಟಲಿಲ್ಲ. ಕೋಪ ಇತ್ತು. ಗುಬ್ಬಿಯ ನೆನಪಿಗೆಂದು ಟೈರಿನ ಅಂಗಡಿಯ ಕೆಳಗೆ ಎಲ್ಲರೂ ಸೇರಿ ಬಾರಿಸುವುದೆಂದು ಗೂಟ ಗೊತ್ತುಮಾಡಿದ. ಆ ಮಧ್ಯಾಹ್ನ ಅಸ್ತರು ಬಿಚ್ಚಿದೆ.

ಭುಜದಿಂದ ಜೇಬಿನವರೆಗೆ ಕಂಬಳಿಹುಳ ತೆವಳಿಹೋದಂತೆ ಎಳೆಗಳ ಸಾಲು. ಅವಳ ಬೆರಳು ಜಾರಿ ಮತ್ತೆ ಬಿಗಿಯಾದ ಕಡೆ ಹರುಕು ಸ್ವಲ್ಪ ಓರೆಯಾಗಿತ್ತಲ್ಲ, ಆ ಓರೆಯೂ ಹಾಗೇ ಇದೆ. ನೀನು ನೇರ ಮಾಡಿಲ್ಲ.

ಕೋಟನ್ನು ಉಲ್ಟಾ ಮಾಡಿ ಹಾಕಿಕೊಂಡು ಹೋದೆ. ಗೂಟ ನೋಡಿ, "ಇದು ಹೊಲಿಗೆ!" ಅಂದ. ಹೌದು ಅಂದೆ. "ಕಟ್ಟಳೆ?" ಅಂದ. "ಪಿನ್ನು ಹಾಕೋಳು ಇಲ್ವಲ್ಲೋ" ಅಂದೆ. ಅವನು ಗಿಟಾರು ಎತ್ತಿಕೊಂಡ.

ಗುಬ್ಬಿಯ ಅಮ್ಮ ಬಂದಿದ್ದರು. ಅವರಿಗೆ ನಮ್ಮ ಸದ್ದು ಆಗಿಬರುವುದಿಲ್ಲ, ಕಿವಿಗೆ ಹತ್ತಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಮುಗಿದ ಮೇಲೆ ಹತ್ತಿ ತೆಗೆದು ನನ್ನನ್ನು ಕರೆದರು. ಕೋಟು ಹರಿದ ಕಥೆಯನ್ನು ಗುಬ್ಬಿ ಅವರಿಗೆ ಹೇಳಿದ್ದಳಂತೆ. ಎಳೆಗಳ ಮೇಲೆ ಬೆರಳು ಹಾಯಿಸಿದರು, ಮೇಲಿಂದ ಕೆಳಗೆ, ನಿಧಾನ.

"ಇದು ಅವಳು ಹಿಡಿದದ್ದಾ?"

"ಹೂಂ ಅಮ್ಮಾ. ಅವಳು ಹಿಡಿದದ್ದು. ಮೇಲಿಂದ ನಮ್ಮಪ್ಪನ ಕೈ."

"ಎಷ್ಟು ಜೋರಾಗಿ ಹಿಡಿದಿದಾಳೆ" ಅಂದರು. ಮತ್ತೆ ಹತ್ತಿ ಇಟ್ಟುಕೊಂಡರು.

ನಂಬಿದರೆ ನಂಬು, ಮುಂದಿನ ವಾರ ಬಂದವರಲ್ಲಿ ಅರ್ಧ ಜನ ಕೋಟನ್ನು ಉಲ್ಟಾ ಹಾಕಿಕೊಂಡಿದ್ದರು.

ಕೋಪ ಇಳಿದಿರುವ,
ಮಗಳು


ಜನವರಿ 10

ಮಗಳೇ,

ನೀನು ಬರೆದಾಗ ನಂಬಿರಲಿಲ್ಲ. ಈಗ ನಮ್ಮ ಬೀದಿಗೂ ಬಂದಿದೆ. ಟೀಚರಮ್ಮನ ಮಗಳು ತನ್ನ ತಾತನ ಸ್ವೆಟರು ತಂದು, "ಅಂಕಲ್, ರಫೂ ಮಾಡಿ, ಆದ್ರೆ ಕಾಣೋ ಹಾಗೆ ಮಾಡಿ" ಎಂದಳು. ನನ್ನ ಕೈಯಿಂದ ಸೂಜಿ ಬಿತ್ತು. ಕಾಣುವ ಹಾಗೆ! ಇಷ್ಟು ವರ್ಷ ಕಾಣದ ಹಾಗೆ ಮಾಡಿ ಮಾಡಿ ಕಣ್ಣು ಮಂಜಾಗಿದೆ. ಕಾಣುವ ಹಾಗೆ ಮಾಡು ಎಂದು ಯಾರೂ ಕೇಳಿರಲಿಲ್ಲ. ಮಾಡಿಕೊಟ್ಟೆ. ಅವಳು ಅದನ್ನು ಬೀದಿಯಲ್ಲಿ ಹಾಕಿಕೊಂಡು ಹೋಗುವಾಗ ನಾನು ಅಂಗಡಿಯ ಒಳಗೆ ಸರಿದು ನಿಂತೆ. ನನ್ನನ್ನೇ ಬೆತ್ತಲೆ ನಿಲ್ಲಿಸಿದ ಹಾಗಿತ್ತು. ಆಮೇಲೆ ಬಗ್ಗಿ ನೋಡಿದೆ. ಚೆನ್ನಾಗಿತ್ತು.

ನಿನ್ನೆ ಒಬ್ಬಳು ಹೊಸ ಕೋಟು ತಂದಳು. ಅಂಗಡಿಯ ಚೀಟಿ ಇನ್ನೂ ಕತ್ತಿನಲ್ಲಿ ನೇತಾಡುತ್ತಿತ್ತು. ಎಡಭುಜದಿಂದ ಜೇಬಿನವರೆಗೆ ರಫೂ ಬೇಕಂತೆ. ಹರಿದದ್ದು ಎಲ್ಲಿ ಎಂದು ತಿರುಗಿಸಿ ತಿರುಗಿಸಿ ನೋಡಿದೆ.

"ಹರಿದಿಲ್ಲ ಅಂಕಲ್. ಸುಮ್ನೆ ಮೇಲೆ ಮಾಡಿಕೊಡಿ."

"ಹರಿದಿರಬೇಕಲ್ಲಮ್ಮಾ ಮೊದಲು?"

"ನೀವೇ ಹರೀರಿ."

ಕೋಟನ್ನು ಮಡಿಸಿ ಅವಳ ಕೈಗೆ ಕೊಟ್ಟೆ. "ಆಗಲ್ಲ ತಾಯಿ" ಎಂದೆ. ಗಿರಾಕಿಯನ್ನು ಹೀಗೆ ಕಳಿಸಿದವನಲ್ಲ ನಾನು. ಇಸ್ತ್ರಿಯವನು ಕಣ್ಣು ಬಿಟ್ಟು ನೋಡುತ್ತಿದ್ದ. ಅವಳು ಹೋದ ಮೇಲೆ ಹತ್ತಿರ ಬಂದು, "ಅದೆಲ್ಲ ಇರಲಿ ಅಣ್ಣಾ, ಊರೋರಿಗೆಲ್ಲ ರಫೂ ಮಾಡ್ತೀರಿ, ನಿಮ್ಮ ತೋಳು ಅಕ್ಟೋಬರಿಂದ ಹರಿದೇ ಇದೆಯಲ್ಲ, ಯಾವಾಗ ಹೊಲೀತೀರಿ?" ಎಂದ.

ನಿನ್ನ ಪತ್ರ ಓದಿ ಎದ್ದಾಗ ಮೊಳೆಗೆ ಸಿಕ್ಕಿದ್ದು. ಅಮ್ಮ ಒಗೆಯುತ್ತಾಳೆ, ನಾನು ಹಾಕಿಕೊಳ್ಳುತ್ತೇನೆ. ಸೂಜಿ ಎತ್ತಿಕೊಂಡರೆ ಕೈ ಮುಂದೆ ಹೋಗುವುದಿಲ್ಲ. ಗಾಳಿಗೆ ತೋಳು ಪಟಪಟ ಎನ್ನುತ್ತದೆ, ಅಷ್ಟೇ ತೊಂದರೆ.

ವರ್ಷದ ಕೊನೆ ಕಳೆದರೂ ಅಮ್ಮ ಆ ತಟ್ಟೆಯನ್ನು ಮತ್ತೆ ಹೊರಗೆ ತೆಗೆದಿದ್ದಾಳೆ. ಗುಬ್ಬಿಯ ಅಮ್ಮ ಒಪ್ಪಿದರೆ ಅವರನ್ನೂ ಕರೆದುಕೊಂಡು ಬಾ. ಬರುವಾಗ ನಿನ್ನ ಬಟ್ಟೆಯಿಂದ ಒಂದು ಪಿನ್ನು ಬಿಚ್ಚಿಕೊಂಡು ಬಾ ಮಗಳೇ. ಕಟ್ಟಳೆಯ ಪ್ರಕಾರ ಕೊಂಡದ್ದು ಆಗುವುದಿಲ್ಲವಲ್ಲ. ನನ್ನ ಹತ್ತಿರ ಇರುವುದೆಲ್ಲ ಸೂಜಿ.

ದಾರಿ ನೋಡುತ್ತಿರುವ,
ನಿನ್ನ ಅಪ್ಪ